ಫ್ರೇಮಿಗೆ ಉಜ್ಜುತ್ತಿದ್ದ ಕ್ಲಚ್ಚು

ನನ್ನ ಮಗಳು ಬೈಕಿನ ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾದದ್ದು ನನ್ನಿಂದ. ಇಷ್ಟು ಬರೆಯಲು ನನಗೆ ನಾಲ್ಕು ವರ್ಷ ಬೇಕಾಯಿತು. ಈಗಲೂ ಕಿವಿ ಬಿಸಿಯಾಗುತ್ತಿದೆ.

ಅವಳು ಫಿಸಿಯೋಥೆರಪಿ ಓದಿ ಮುಗಿಸಿದ್ದಳು. ಮನೆಮನೆಗೆ ಹೋಗಿ ರೋಗಿಗಳಿಗೆ ವ್ಯಾಯಾಮ ಮಾಡಿಸುವ ಕೆಲಸ ಸಿಕ್ಕಿತ್ತು. ಷರತ್ತು ಒಂದೇ, ತಿಂಗಳ ಕೊನೆಯೊಳಗೆ ಲೈಸೆನ್ಸ್ ತೋರಿಸಬೇಕು. ಮನೆಯಲ್ಲಿದ್ದದ್ದು ನನ್ನ ಹಳೆಯ ಗೇರಿನ ಬೈಕು. ಮುಂಬೈಯ ವಡಾಲದಿಂದ ಫೋರ್ಟಿನ ಆಫೀಸಿಗೆ ನಾನು ಹೋಗುತ್ತಿದ್ದದ್ದು ಲೋಕಲ್ ರೈಲಿನಲ್ಲಿ. ಬೈಕು ಇದ್ದದ್ದು ಮಾಟುಂಗದಿಂದ ತರಕಾರಿ ತರಲಿಕ್ಕೆ, ಭಾನುವಾರ ಬಿಚ್ಚಿ ಜೋಡಿಸಲಿಕ್ಕೆ. ಯಾವ ಮೆಕ್ಯಾನಿಕ್ಕಿಗೂ ನಾನು ಅದನ್ನು ಮುಟ್ಟಗೊಡುತ್ತಿರಲಿಲ್ಲ. ಬಿಲ್ಡಿಂಗಿನ ಕೆಳಗೆ ನಟ್ಟು ಬಿಚ್ಚುವ ಪಾನಾ ಹಿಡಿದು ಕೂತರೆ ಹುಟ್ಟೂರು ಧಾರವಾಡದ ಗತ್ತೆಲ್ಲ ಮೈಮೇಲೆ ಬರುತ್ತಿತ್ತು.

ಪರೀಕ್ಷೆಗೆ ಎರಡು ವಾರ ಮೊದಲು, ಎಂಜಿನ್ನಿನ ಪಕ್ಕದಲ್ಲಿ ಆಯಿಲ್ ಜಿನುಗುತ್ತಿದೆಯೆಂದು ಅಲ್ಲಿದ್ದ ಕ್ಲಚ್ ಲಿವರನ್ನು ಬಿಚ್ಚಿದೆ. ಹ್ಯಾಂಡಲಿನ ಹಿಡಿ ಎಳೆದರೆ ಕೇಬಲ್ ಈ ಲಿವರನ್ನು ತಿರುಗಿಸುತ್ತದೆ, ಆಗ ಕ್ಲಚ್ ಬಿಟ್ಟು ಚಕ್ರಕ್ಕೆ ಎಂಜಿನ್ನಿನ ಎಳೆತ ತಪ್ಪುತ್ತದೆ. ಅದು ಕೂರುವ ಕಡ್ಡಿಯ ಸುತ್ತ ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ಆಯಿಲ್ ತಡೆಯುವ ಸೀಲು ಬದಲಿಸಿ ಲಿವರನ್ನು ಮತ್ತೆ ಕೂರಿಸಿದೆ. ಮೊದಲು ಯಾವ ಹಲ್ಲಿಗಿತ್ತೆಂದು ಗುರುತು ಹಾಕಿಕೊಂಡಿರಲಿಲ್ಲ. ನನಗ್ಯಾಕೆ ಗುರುತು! ಹಿಡಿ ತುಸು ಗಟ್ಟಿ ಅನ್ನಿಸಿತು. ಓಡಿಸುತ್ತ ಓಡಿಸುತ್ತ ಸರಿಹೋಗುತ್ತದೆ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಕಾಲನಿಯ ರಸ್ತೆಯಲ್ಲಿ ಎರಡು ಸುತ್ತು ಹಾಕಿ ಬಂದ ಮಗಳು, "ಪಪ್ಪಾ, ನೀಚೇ ಕುಛ್ ಘಿಸ್ ರಹಾ ಹೈ," ಅಂದಳು.

ನಮ್ಮ ಮನೆಯಲ್ಲಿ ಒಂದು ಕಾಯ್ದೆ ಇತ್ತು, ನಾನೇ ಮಾಡಿದ್ದು. ಹಿಂದಿಯಲ್ಲಿ ಹೇಳಿದ ಮಾತಿಗೆ ಅಪ್ಪ ಉತ್ತರ ಕೊಡುವುದಿಲ್ಲ. ಮುಂಬೈಯಲ್ಲಿ ಹುಟ್ಟಿದ ಮಗುವಿನ ಬಾಯಲ್ಲಿ ನಾಲ್ಕು ಮಾತು ಕನ್ನಡ ಉಳಿಯಲಿ ಎಂದು, ಅವಳು ಮೂರು ವರ್ಷದವಳಿದ್ದಾಗ ಶುರುಮಾಡಿದ್ದು.

"ಕನ್ನಡದಾಗ ಹೇಳು," ಅಂದೆ.

"ಕೆಳಗ... ಏನೋ... ಹಿಂಗ ಹಿಂಗ ಆಗ್ತದ," ಎಂದು ಎರಡೂ ಅಂಗೈ ಉಜ್ಜಿ ತೋರಿಸಿದಳು.

"ಕೈಸನ್ನಿ ಬ್ಯಾಡ. ಬಾಯಿಲೆ ಹೇಳು."

ಅವಳಿಗೆ ಶಬ್ದ ಸಿಗಲಿಲ್ಲ. "ಹೋಗ್ಲಿ ಬಿಡ್ರಿ," ಎಂದು ಮೇಲೆ ಹೋದಳು. ನಾನು ಬಗ್ಗಿ ನೋಡಿದ್ದರೆ ಅರ್ಧ ನಿಮಿಷದ ಕೆಲಸ. ನೋಡಲಿಲ್ಲ. ಮಗಳ ಕನ್ನಡ ಕೆಟ್ಟಿತೆಂದು ಗೊಣಗುತ್ತ ಚಹಾ ಕುಡಿದೆ.

ಪರೀಕ್ಷೆಯ ದಿನ ಗೇಟಿನ ಹೊರಗೆ ನಿಂತು, ಲೈನಿನಲ್ಲಿದ್ದ ಮಗಳಿಗೂ ಕೇಳುವ ಹಾಗೆ, ಗಾಡಿಯ ಕೆಲಸವೆಲ್ಲ ನನ್ನದೇ, ಹೊರಗಿನವರ ಕೈ ತಾಗಿಲ್ಲ ಎಂದು ಅಕ್ಕಪಕ್ಕದವರೆದುರು ಕೊಚ್ಚಿಕೊಂಡೆ. ಆಮೇಲೆ ಅವಳ ಸರದಿ ಬಂತು. ಇನ್‌ಸ್ಪೆಕ್ಟರ್ ಗೆರೆಯ ಹತ್ತಿರ ನಿಲ್ಲಿಸು ಅಂದಾಗ ಅವಳು ಕ್ಲಚ್ ಎಳೆದರೂ ಬೈಕು ಮುಂದಕ್ಕೇ ಜಗ್ಗಿತು, ಎಂಜಿನ್ ಬಂದ್ ಆಯಿತು, ಕಾಲು ನೆಲಕ್ಕೆ ಬಂತು. ಮೂರು ಸಲ ಹೀಗೇ ಆಯಿತು. ಇನ್‌ಸ್ಪೆಕ್ಟರ್ ಬಗ್ಗಿ ಏನೋ ನೋಡಿದರು, ಏನೋ ಕೇಳಿದರು, ತಲೆಯಾಡಿಸಿ ಕಳಿಸಿಬಿಟ್ಟರು.

ಹೊರಗೆ ಬಂದವಳು "ಪಪ್ಪಾ, ಕ್ಲಚ್..." ಅನ್ನುವಷ್ಟರಲ್ಲಿ ನನ್ನ ಪಿತ್ತ ನೆತ್ತಿಗೇರಿತ್ತು. "ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ! ನಿನಗ ಕಲಿಸಿ ಕಲಿಸಿ ನನ್ನ ಗಂಟಲ ಹರೀತು. ನಿನ್ನ ಕೈಲೆ ಆಗೂ ಕೆಲಸಲ್ಲ ಇದು!" ಅಷ್ಟು ಜನರೆದುರು ಹೀಗಂದೆ. ಮನೆ ಮುಟ್ಟುವ ತನಕ ಅವಳು ಹೆಲ್ಮೆಟ್ ತೆಗೆಯಲಿಲ್ಲ.

ಆ ಭಾನುವಾರ ಬೈಕು ಒರೆಸುವಾಗ, ಫ್ರೇಮಿನ ಮೇಲೆ ಬಣ್ಣ ಕಿತ್ತು ಹೊಳೆಯುವ ಗೀರೊಂದು ಕಂಡಿತು. ಹಿಡಿ ಎಳೆದು ನೋಡಿದೆ. ಲಿವರು ಅರ್ಧ ದಾರಿ ಬಂದು ಫ್ರೇಮಿಗೆ ಉಜ್ಜಿ ಅಲ್ಲೇ ನಿಲ್ಲುತ್ತಿತ್ತು. ನಾನು ಅದನ್ನು ಒಂದು ಹಲ್ಲು ಮುಂದೆ ಕೂರಿಸಿದ್ದೆ. ಒಂದೇ ಒಂದು ಹಲ್ಲು. ಕ್ಲಚ್ ಪೂರ್ತಿ ಬಿಡುತ್ತಲೇ ಇರಲಿಲ್ಲ. ನೆಲ ಡೊಂಕೇ ಇತ್ತು, ಡೊಂಕು ಮಾಡಿದವನು ನಾನು.

ಬೋಲ್ಟು ಸಡಿಲಿಸಿ, ಲಿವರು ಎಳೆದು, ಒಂದು ಹಲ್ಲು ಹಿಂದೆ ಕೂರಿಸಿ ಬಿಗಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಮೇಲೆ ಹೋಗಲು ಮಾತ್ರ ಕಾಲೇ ಬರಲಿಲ್ಲ. ಎರಡು ಸಲ ಲಿಫ್ಟಿನ ತನಕ ಹೋಗಿ, ಬೈಕು ಒರೆಸುವ ನೆವ ಮಾಡಿ ವಾಪಸು ಬಂದೆ. ಥೂ, ಎಂಥ ಅಪ್ಪ!

ಕೊನೆಗೆ ಹೋಗಿ ಹೇಳಿದೆ. "ತಪ್ಪು ನಂದವ್ವಾ. ಕ್ಲಚ್ಚಿನ ಲಿವರ್ ನಾನೇ ತಪ್ಪ ಕೂಡಿಸಿದ್ದೆ."

"ಗೊತ್ತದ ಪಪ್ಪಾ. ಇನ್‌ಸ್ಪೆಕ್ಟರ್ ಅವತ್ತೇ ತೋರಿಸಿದ್ರು. ಕಿಸ್ನೇ ಖೋಲಾ, ಯಾರು ಬಿಚ್ಚಿದ್ರು ಅಂತ ಕೇಳಿದ್ರು."

"ನೀ ಏನಂದಿ?"

"ನಾನೇ ಬಿಚ್ಚಿದ್ದು ಅಂದೆ. ಹೊರಗ ನೀವು ಎಲ್ಲಾರಿಗೂ ಹೇಳ್ತಾ ಇದ್ರಲ್ಲ..." ತಲೆ ತಗ್ಗಿಸಿದಳು. "ನಾಳೆ ನೀವು ಆಫೀಸಿಗೆ ಹೋದ ಮ್ಯಾಲ ಗ್ಯಾರೇಜಿಗೆ ಒಯ್ಯೋಣ ಅಂತ ಇದ್ದೆ."

ನಾಚಿಕೆಯಿಂದ ಮೈ ಹಿಡಿಯಾಯಿತು. ಮುಂದಿನ ಪರೀಕ್ಷೆ ಗುರುವಾರವಿತ್ತು, ತಿಂಗಳು ಮುಗಿಯಲು ಎರಡು ದಿನ ಮೊದಲು. "ರಜಾ ಹಾಕ್ತೀನಿ, ನಾನೂ ಬರ್ತೀನಿ. ಈ ಸಲ ಬಾಯಿ ಬಿಡಂಗಿಲ್ಲ," ಅಂದೆ.

ಅವಳು ತಲೆಯೆತ್ತಿ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಬ್ಯಾಡ ಪಪ್ಪಾ. ಬೈಕ್ ಸರಿಯಾತಲ್ಲ, ಸಾಕು. ನೀವು ಬಂದ್ರ ನನ್ನ ಕೈ ನಡುಗ್ತದ."

ಗುರುವಾರ ಅವಳು ಒಬ್ಬಳೇ ಹೋದಳು. ನಾನು ರಜೆ ಹಾಕಿ ಮನೆಯಲ್ಲಿ ಕೂತಿದ್ದೆ. ಮಧ್ಯಾಹ್ನ ಪಾಸಾದೆನೆಂದು ಫೋನು ಬಂತು, ಅವಳ ಅವ್ವನಿಗೆ. "ಪಪ್ಪಾ ಇಲ್ಲೇ ಕುಂತಾರ, ಕೊಡ್ಲೇನು?" ಎಂದು ಹೆಂಡತಿ ಕೇಳಿದಳು. ಆ ಕಡೆಯಿಂದ ಏನು ಉತ್ತರ ಬಂತೋ, ನಾನು ಚಾಚಿದ ಕೈಗೆ ಅವಳು ಫೋನು ಕೊಡಲಿಲ್ಲ.