ಕಂಬಳಿಹುಳದಕ್ಕ ಕೇಳಿದ ಹತ್ತು ದಿನ

ಬೆಳಗಿನ ಆರು ಗಂಟೆ. ಪೈನ್ ತೋಪಿನಲ್ಲಿ ಮಂಜಿನ್ನೂ ಕರಗಿಲ್ಲ. ಏಣಿಯ ತುದಿಯಲ್ಲಿ ನಿಂತ ಹೆಂಗಸೊಬ್ಬರು ಸೂಜಿಯಂಥ ಎಲೆಗಳನ್ನು ತಿರುವಿ ತಿರುವಿ ನೋಡುತ್ತಿದ್ದಾರೆ. ಕೈಗೆ ಗವಸು, ಮುಖಕ್ಕೆ ಬಟ್ಟೆ. ಅವರ ಬಗ್ಗೆ ಬರೆಯಲೆಂದು ಪುಸ್ತಕ ಹಿಡಿದು ಬಂದ ನನ್ನನ್ನು ಕಂಡು ಮೇಲಿನಿಂದಲೇ ಕೂಗುತ್ತಾರೆ.

“ಹತ್ರ ಬರ್ಬೇಡಿ! ಈ ಹುಳದ ಕೂದಲು ತಾಕಿದ್ರೆ ಮೂರು ದಿನ ನೀವು ಬರೆಯೋದೇನೂ ಇರಲ್ಲ, ಬರೀ ಕೆರೆಯೋದೇ!”

ಎಲ್ಲರೂ ಅವರನ್ನು ಕರೆಯುವುದು ಕಂಬಳಿಹುಳದಕ್ಕ ಎಂದೇ. ಬೂದುಬಣ್ಣದ ಪತಂಗವೊಂದು ಪೈನ್ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಅದರ ಮರಿಹುಳಗಳು ಎಲೆ ಮೇದು ಮರವನ್ನೇ ಬೋಳಿಸುತ್ತವೆ. ದಿನಕ್ಕೆ ನಲವತ್ತು ಮರ ಹತ್ತಿಳಿದು, ಮೊಟ್ಟೆ, ಹುಳ ಎಣಿಸಿ ಬರೆದಿಡುವುದು ಅಕ್ಕನ ಕೆಲಸ. ಹತ್ತೊಂಬತ್ತು ವರ್ಷದಿಂದ ದಿನಗೂಲಿ. ಮೊದಲ ವರ್ಷವೇ ಹುಳದ ಕೂದಲು ಚುಚ್ಚಿ ಎಡಗಣ್ಣಿನ ದೃಷ್ಟಿ ಮಸುಕಾಗಿದೆ. ಆದರೂ ಹುಳದ ಮೇಲೆ ಸಿಟ್ಟಿಲ್ಲ. “ಪಾಪ, ಅದಕ್ಕೂ ಹೊಟ್ಟೆಪಾಡು,” ಎನ್ನುತ್ತಾರೆ.

ಮೂರು ವರ್ಷದ ಹಿಂದೆ ಮೊಟ್ಟೆಗಳ ಸಂಖ್ಯೆ ವಿಪರೀತ ಏರಿತು. ಇಡೀ ತೋಪಿಗೆ ವಿಷ ಸಿಂಪಡಿಸಲು ತೋಪಿನ ಅಧಿಕಾರಿ ಪೀಪಾಯಿಗಳನ್ನು ತರಿಸಿದರು. ಕೆಳಗಿನ ಮನೆಗಳೆಲ್ಲ ಕುಡಿಯುವುದು ತೋಪಿನೊಳಗಿಂದ ಹರಿದುಬರುವ ತೊರೆಯ ನೀರನ್ನೇ. ಅಕ್ಕ ಒಂದು ಹಿಡಿ ಎಲೆಯೊಂದಿಗೆ ಅಧಿಕಾರಿಯ ಕೋಣೆಗೆ ಹೋದರು.

“ಸಾರ್, ಮೊಟ್ಟೆ ಕಪ್ಪಾಗಿವೆ. ಒಳಗಿರೋದು ಹುಳ ಅಲ್ಲ ಅನ್ಸುತ್ತೆ. ಹತ್ತು ದಿನ ಕೊಡಿ.”

“ಅಷ್ಟರಲ್ಲಿ ಮರ ಬೋಳಾದ್ರೆ?”

“ಮತ್ತೆ ನನ್ನ ಮುಖ ತೋರ್ಸಲ್ಲ ಸಾರ್.”

ಅಧಿಕಾರಿ ಗೊಣಗುತ್ತಲೇ ಒಪ್ಪಿದರು. ಅಕ್ಕ ಆ ಎಲೆಗಳನ್ನು ಗಾಜಿನ ಬಾಟಲಿಗೆ ಹಾಕಿ, ಅದರ ಬಾಯಿಗೆ ಬಟ್ಟೆ ಕಟ್ಟಿ, ಅಡುಗೆಮನೆಯ ಕಿಟಕಿಯಲ್ಲಿಟ್ಟರು. “ಊರ ಉಸಾಬರಿ ನಿನಗ್ಯಾಕೆ?” ಎಂದು ಗದರಿದ ಗಂಡನೇ ದಿನಕ್ಕೆ ನಾಲ್ಕು ಸಲ ಬಾಟಲಿಗೆ ಇಣುಕುತ್ತಿದ್ದರು! ಏಳನೇ ದಿನ ಎರಡು ಮರ ಬೋಳಾದವು. ಅಂದು ಅಕ್ಕನಿಗೆ ಊಟ ಸೇರಲಿಲ್ಲ.

ಒಂಬತ್ತನೇ ದಿನ ಬಾಟಲಿಯೊಳಗೆ ಸಾಸಿವೆಗಿಂತ ಚಿಕ್ಕ ಕಣಜಗಳು ಹರಿದಾಡುತ್ತಿದ್ದವು. ಪತಂಗದ ಮೊಟ್ಟೆಯೊಳಗೆ ತಮ್ಮ ಮೊಟ್ಟೆಯಿಟ್ಟು, ಹುಳ ಹುಟ್ಟುವ ಮೊದಲೇ ಮುಗಿಸುವ ಕಣಜಗಳವು. ಅಧಿಕಾರಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಪೀಪಾಯಿಗಳು ಮುಚ್ಚಳ ತೆರೆಯದೆ ವಾಪಸಾದವು; ತೋಪು ಉಳಿಯಿತು.

ಅಧಿಕಾರಿ ಮೇಲಿನವರಿಗೆ ಕಳಿಸಿದ ವರದಿಯಲ್ಲಿ ಅಕ್ಕನ ಹೆಸರಿಲ್ಲ. ಬೇಜಾರಿಲ್ಲವೇ ಎಂದರೆ ನಗುತ್ತಾರೆ.

“ಹೆಸರು ಕಟ್ಕೊಂಡು ಏನ್ಮಾಡ್ಲಿ? ಮುಂದೆ ಯಾವ ಸಾಹೇಬ್ರೇ ಬರ್ಲಿ, ವಿಷ ಹೊಡೆಯೋ ಮುಂಚೆ ನನ್ನನ್ನ ಒಂದು ಮಾತು ಕೇಳಿದ್ರೆ ಸಾಕು.”