ಚೆಂಡು ಯಾಕೆ ವಾಲುತ್ತದೆ ಎಂದು ಅಪ್ಪ ತಿಳಿಸಿದ್ದು

ಇವತ್ತು ಪಕ್ಕದ ಮನೆಯ ಹುಡುಗಿ ಟೆನ್ನಿಸ್ ಚೆಂಡಿನ ಅರ್ಧಕ್ಕೆ ಕರಿ ಟೇಪು ಸುತ್ತುತ್ತಿದ್ದಳು. ಆ ಟೇಪಿನ ವಾಸನೆಗೆ ಹಳೇ ಹುಬ್ಬಳ್ಳಿಯ ನಮ್ಮ ಮನೆಯ ಕಟ್ಟೆ ನೆನಪಾಯಿತು.

ಅಪ್ಪ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಸಂಜೆ ಕಟ್ಟೆಗೆ ಬಂದವರನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಅಂಥದ್ದೇ ಚೆಂಡು ಹಿಡಿದು, ಎಸೆದಾಗ ಅದು ಗಾಳಿಯಲ್ಲಿ ಯಾಕೆ ಒಂದು ಕಡೆಗೆ ವಾಲುತ್ತದೆ ಎಂದು ಸೈಕಲ್ ರಿಪೇರಿಯ ರಫೀಕ್ ಕಾಕಾನಿಗೆ ವಿವರಿಸಿದರು.

“ತಿಳೀತ್ರಿ ಮಾಸ್ತರ,” ಎನ್ನುತ್ತ ಕಾಕಾ ಚಪ್ಪಲಿ ಹುಡುಕಿದರು.

“ಹಂಗಾರ ಈಗ ನೀವ ನನಗ ಹೇಳ್ರಿ.”

“ಗಾಳಿಗೆ ಸಿಟ್ಟು ಬರ್ತೈತ್ರಿ!”

ನಾವೆಲ್ಲ ನಕ್ಕೆವು. ಅಪ್ಪ ನಗಲಿಲ್ಲ. “ನಾ ಹೇಳಿದ್ದ ಬರೋಬರಿ ಆಗಿಲ್ಲ. ಕೂಡ್ರಿ,” ಎಂದು ಮತ್ತೆ ಮೊದಲಿನಿಂದ ಶುರು ಮಾಡಿದರು.

“ಅವರಿಗೂ ಮನಿ ಮಠ ಅದಾವ್ರಿ, ಬಿಡ್ರಿ ಅವರನ್ನ!” ಅವ್ವ ಒಳಗಿನಿಂದ ಕೂಗಿದಳು.

ಕೊನೆಗೆ ಕಾಕಾ ತಾವೇ ಚೆಂಡು ತೆಗೆದುಕೊಂಡರು. “ಟೇಪಿನ ಕಡೆ ನುಣುಪು, ಈ ಕಡೆ ಒರಟು. ಗಾಳಿ ಒಂದು ಕಡೆ ಲಗೂ ಬಿಟ್ಟು ಹೋಗ್ತೈತಿ, ಇನ್ನೊಂದು ಕಡೆ ತಡಾ ಮಾಡ್ತೈತಿ. ಅದಕ್ಕ ಚೆಂಡು ವಾಲ್ತೈತಿ. ಖರೇ ಏನ್ರಿ?”

ಅಪ್ಪನ ಮುಖ ಅರಳಿತು.

ಕೊನೆಗಾಲದಲ್ಲಿ ಈ ಮನೆಯಲ್ಲಿ ನನ್ನ ಜೊತೆಗೇ ಇದ್ದ ಅಪ್ಪ ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಹತ್ತನೆಯ ತರಗತಿಯ ಆಚೆ ನಾನು ಓದಿದವಳಲ್ಲ. ಆದರೂ ಅವರ ಮಾತು ಅವರೊಂದಿಗೇ ಹೋಗಬಾರದೆಂದು ಹಟ ಹಿಡಿದು ಹುಡುಗಿಗೆ ಎಲ್ಲ ವಿವರಿಸಿದೆ.

“ಆಂಟಿ, ಚಂದ್ರನ ಮ್ಯಾಲೆ ಗಾಳಿನ ಇಲ್ಲಲ್ರಿ? ಅಲ್ಲಿ ಚೆಂಡು ಏನ್ ಮಾಡ್ತೈತಿ?”

ಅಪ್ಪನನ್ನು ಕೇಳೋಣವೆಂದು ಒಳಗೆ ತಿರುಗಿದೆ. ಮರುಕ್ಷಣವೇ ಅವರಿಲ್ಲವೆಂಬುದು ನೆನಪಾಯಿತು. ಕಣ್ಣು ಒರೆಸಿಕೊಂಡು ಅವಳ ಪಕ್ಕದಲ್ಲಿ ಕುಳಿತೆ.

“ಬಾ, ಇಬ್ಬರೂ ಕೂಡಿ ವಿಚಾರ ಮಾಡೂಣು.”