ಅಂಗಳದ ಮಿಲಿಟರಿ ಲಾರಿ

ಬಸ್ ಡಿಪೋದ ಆ ಮೆಕ್ಯಾನಿಕ್ ಸೈನ್ಯದ ಗೇಟು ದಾಟಿದ್ದು ಒಂದೇ ಸಲ, ಅದೂ ಹರಾಜಿಗೆ. ಆದರೂ ಬೀದಿಯವರ ಬಾಯಲ್ಲಿ ಅವನು ಮೇಜರ್. ಹರಾಜಿನಲ್ಲಿ ಕೊಂಡ ಹತ್ತು ಚಕ್ರದ ಹಳೆಯ ಮಿಲಿಟರಿ ಲಾರಿಯನ್ನು ಎಳೆಸಿಕೊಂಡು ಬಂದು, ಕಾಂಪೌಂಡಿನ ಒಂದು ಕಂಬ ಒಡೆಸಿ, ಮನೆಯ ಅಂಗಳಕ್ಕೆ ತಂದು ನಿಲ್ಲಿಸಿದ ದಿನ ಅಂಟಿಕೊಂಡ ಹೆಸರು ಅದು. ಹೆಂಡತಿಯನ್ನು ಮಾತ್ರ ಎಲ್ಲರೂ ಟೈಲರಮ್ಮ ಅನ್ನುತ್ತಿದ್ದರು, ಅದರಲ್ಲಿ ತಮಾಷೆ ಇರಲಿಲ್ಲ.

ಅಂಗಳದಲ್ಲಿ ತಗಡಿನ ಮಾಡು ಹಾಕಿಸಿ ಹೊಲಿಗೆ ಅಂಗಡಿ ಇಡಬೇಕೆಂದು ಟೈಲರಮ್ಮ ಲೆಕ್ಕ ಹಾಕಿಕೊಂಡಿದ್ದಳು. ಅಲ್ಲಿ ಲಾರಿ ನಿಂತಿತು. ಬಟ್ಟೆ ಹೊಲಿಸಲು ಬರುವವರು ಗೋಡೆಗೂ ಲಾರಿಗೂ ನಡುವೆ ಅಡ್ಡಡ್ಡಲಾಗಿ ನುಸುಳಬೇಕಾಯಿತು. ದಪ್ಪಗಿನ ಹೆಂಗಸರು ಬರುವುದನ್ನೇ ಬಿಟ್ಟರು. ಬಂದವರ ಬಟ್ಟೆಗೆ ಗ್ರೀಸು ಮೆತ್ತಿದರೆ ಅವಳೇ ಸೀಮೆಎಣ್ಣೆ ಹಚ್ಚಿ ಒರೆಸಿಕೊಟ್ಟು, ಬೈಗುಳವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಮೇಜರ್ ಸೋಮಾರಿಯಲ್ಲ, ಕುಡುಕನಲ್ಲ. ಡಿಪೋದಿಂದ ಬಂದವನೇ ಲಾರಿಯ ಕೆಳಗೆ ಮಲಗುತ್ತಿದ್ದ. ಎಂಜಿನ್ನಿನ ಒಂದೊಂದು ಬೋಲ್ಟನ್ನೂ ಬಿಚ್ಚಿ, ಉಜ್ಜಿ, ಎಣ್ಣೆ ಹಚ್ಚಿ, ಹಳೆಯ ದಿಂಬಿನ ಚೀಲದಲ್ಲಿ ಸುತ್ತಿಟ್ಟು, ಆಮೇಲೆ ಮತ್ತೆ ಜೋಡಿಸುತ್ತಿದ್ದ. ಮಗಳಿಗೆ ಜ್ವರವೆಂದರೂ ಕೆಳಗಿನಿಂದ "ಹೂಂ" ಎಂದಷ್ಟೇ ಕೇಳಿಸುತ್ತಿತ್ತು.

ಒಂದು ಮಧ್ಯಾಹ್ನ ಟೈಲರಮ್ಮ ದಾರದ ಉಂಡೆ ತರಲು ಹೋಗಿ ಬಂದಳು. ಅಪ್ಪ ಕೊಡಿಸಿದ್ದ ಹೊಲಿಗೆ ಮಷಿನ್ ಇರಲಿಲ್ಲ. ಅದರ ಕಾಲುಗಳು ಊರಿದ್ದ ಜಾಗದಲ್ಲಿ ನೆಲ ಬೆಳ್ಳಗಿತ್ತು. ಅಂಗಳದಲ್ಲಿ ಎರಡು ಟೈರುಗಳು ಗೋಡೆಗೆ ಒರಗಿದ್ದವು.

"ಮಷಿನ್ ಎಲ್ರೀ?"

"ಟೈರ್ ಸಿಕ್ತು ಕಣೇ. ಈ ಸೈಜು ಇನ್ಮೇಲೆ ಎಲ್ಲೂ ಸಿಗಲ್ಲ. ಮಷಿನ್ ಏನು, ಯಾವಾಗ ಬೇಕಾದ್ರೂ ತಗೋಬಹುದು."

ತೆಗೆದುಕೊಡಲಿಲ್ಲ. ಮುಂದಿನ ಹದಿನಾಲ್ಕು ವರ್ಷ ಅವಳು ಬೇರೆಯವರ ಅಂಗಡಿಯ ಮೂಲೆಯಲ್ಲಿ ಕೂತು ಕಾಜಾ ಹೊಲಿದಳು, ಗುಂಡಿ ಹಾಕಿದಳು. ಕಣ್ಣು ಮಂಜಾದ ಮೇಲೆ ಮಾಲೀಕ ಬರಬೇಡ ಅಂದ.

ಮೇಜರ್ ನಿವೃತ್ತನಾದ ಮರುವರ್ಷ, ಬಾನೆಟ್ಟಿನೊಳಗೆ ತಲೆ ತೂರಿಸಿ ನಿಂತಿದ್ದಾಗಲೇ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತು ನಿಂತಿತು. ಬುದ್ಧಿಗೆ ಏನೂ ಆಗಿಲ್ಲ, ಎಲ್ಲ ಅರ್ಥ ಆಗುತ್ತೆ ಎಂದು ಆಸ್ಪತ್ರೆಯ ಡಾಕ್ಟರು ಧೈರ್ಯ ಹೇಳಿದರು. ಟೈಲರಮ್ಮ ಅದನ್ನು ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಂಡಳು.

ಲಾರಿ ಮಾರುವುದೆಂದಾಯಿತು. ಮೊದಲು ಬಂದವನು ಹಳೆಯ ಗಾಡಿಗಳ ಹುಚ್ಚಿನ ಒಬ್ಬ ಹೋಟೆಲ್ ಮಾಲೀಕ. ಲಾರಿಯನ್ನು ಸುತ್ತುಹಾಕಿ ನೋಡಿ, ಮೇಜರನ ಗಾಲಿಕುರ್ಚಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಏನ್ ಚೆನ್ನಾಗಿ ಇಟ್ಟಿದೀರಿ ಸಾರ್. ಒಂದು ನಟ್ಟಿಗೂ ತುಕ್ಕು ಹಿಡಿದಿಲ್ಲ. ನನ್ನ ಶೆಡ್ಡಲ್ಲೂ ಹೀಗೇ ಇರುತ್ತೆ. ಬೇಕು ಅನಿಸಿದಾಗ ಹೇಳಿ ಕಳಿಸಿ, ನಿಮ್ಮನ್ನ ಕರ್ಕೊಂಡು ಹೋಗಿ ಮುಂದೆ ಕೂರಿಸ್ತೀನಿ."

ಲಾರಿ ಹತ್ತಿ ಎಂಜಿನ್ ಶುರುಮಾಡಿದ. ಕಿಟಕಿಯ ಗಾಜು ನಡುಗಿತು. ಮೇಜರನ ಮುಖದಲ್ಲಿ ನೆಟ್ಟಗಿದ್ದ ಅರ್ಧ ನಕ್ಕಿತು. ಮದುವೆಯಾದ ಮೇಲೆ ಟೈಲರಮ್ಮ ಅವನ ಮುಖದಲ್ಲಿ ಅಂಥ ನಗುವನ್ನು ನೋಡಿರಲಿಲ್ಲ. ಆ ಕ್ಷಣದವರೆಗೆ ಅವಳಿಗೆ ಯಾರು ಕೊಂಡರೂ ಒಂದೇ ಆಗಿತ್ತು.

"ಮಾರೋದಿಲ್ಲ. ಮನಸ್ಸು ಬದಲಾಯ್ತು," ಎಂದು ಅವನನ್ನು ಕಳಿಸಿದಳು. ಮಾರನೆಯ ದಿನ ಬೆಳಿಗ್ಗೆ ಗುಜರಿ ಅಂಗಡಿಗೆ ನಡೆದುಕೊಂಡೇ ಹೋದಳು.

ಗುಜರಿಯವನು ಕೊಡುವ ಬೆಲೆ ಹೋಟೆಲಿನವನು ಹೇಳಿದ್ದರಲ್ಲಿ ಕಾಲುಭಾಗವೂ ಆಗುತ್ತಿರಲಿಲ್ಲ. ಅವಳು ಚೌಕಾಸಿ ಮಾಡಲಿಲ್ಲ. ಹಾಕಿದ್ದು ಒಂದೇ ಷರತ್ತು: "ಎಳ್ಕೊಂಡು ಹೋಗೋ ಹಾಗಿಲ್ಲ. ನಮ್ಮ ಅಂಗಳದಲ್ಲೇ ಕತ್ತರಿಸಬೇಕು."

ಕಾಗದ ಮೇಜರನ ಹೆಸರಿನಲ್ಲಿತ್ತು, ಹೆಬ್ಬೆಟ್ಟು ಬೇಕಿತ್ತು. ಅವನು ಎಡಗೈ ಮುಷ್ಟಿ ಬಿಗಿಹಿಡಿದ. ಹೊಲಿಗೆ ಬಿಚ್ಚುವ ನಾಜೂಕಿನಲ್ಲಿ ಅವಳು ಒಂದೊಂದೇ ಬೆರಳು ಬಿಡಿಸಿದಳು. ಗುಜರಿಯವನು ಮುಖ ಆಚೆ ತಿರುಗಿಸಿದ.

"ಅಮ್ಮಾ, ಯಜಮಾನ್ರಿಗೆ ಇಷ್ಟ ಇದ್ದಂಗಿಲ್ಲ."

"ಅವರಿಗೆ ಮಾತು ಹೋಗಿದೆಯಪ್ಪ. ಇಷ್ಟ ಇದೆಯೋ ಇಲ್ವೋ ಅಂತ ಇನ್ನು ನಾನೇ ಹೇಳ್ಬೇಕು."

ಗ್ಯಾಸ್ ಕಟರ್ ಮೂರು ದಿನ ಉರಿಯಿತು. ಬೆಳಿಗ್ಗೆ ತಿಂಡಿ ತಿನ್ನಿಸಿ, ತಲೆ ಬಾಚಿ, ಬಿಸಿಲು ಬೀಳದ ಜಾಗ ನೋಡಿ ಅವಳು ಗಾಲಿಕುರ್ಚಿಯನ್ನು ಬಾಗಿಲಲ್ಲಿ ತಂದಿಡುತ್ತಿದ್ದಳು. ಮೊದಲ ದಿನ ಬಾನೆಟ್ಟು, ಕ್ಯಾಬಿನ್ನು. ಎರಡನೆಯ ದಿನ ಅವನು ಕತ್ತು ಹೊರಳಿಸಿಕೊಂಡ. ಅವಳು ಕುರ್ಚಿಯನ್ನೇ ತಿರುಗಿಸಿದಳು. ಕಣ್ಣು ಮುಚ್ಚಿದ. ಶಬ್ದವಾದರೂ ಕೇಳಲಿ ಎಂದು ಅಲ್ಲೇ ಬಿಟ್ಟಳು. ಮೂರನೆಯ ದಿನ ಎಂಜಿನ್ನನ್ನು ಸರಪಳಿಗೆ ಕಟ್ಟಿ ಎತ್ತಿದಾಗ ಅವನ ಗಂಟಲಿನಿಂದ ಒಂದು ಸದ್ದು ಬಂತು. ಕೆಲಸದವರು ಕೈ ನಿಲ್ಲಿಸಿದರು.

"ಏನಿಲ್ಲ, ಕಫ. ನೀವು ಮುಂದುವರಿಸಿ," ಅಂದಳು ಟೈಲರಮ್ಮ.

ಸುದ್ದಿ ಮುಟ್ಟಿ ಮಗಳು ಗಂಡನ ಮನೆಯಿಂದ ಓಡಿಬರುವಷ್ಟರಲ್ಲಿ ಅಂಗಳದಲ್ಲಿ ಎಣ್ಣೆಯ ಕಲೆ ಮಾತ್ರ ಉಳಿದಿತ್ತು.

"ಅಮ್ಮಾ, ಆ ಹೋಟೆಲಿನವರು ಜಾಸ್ತಿ ಕೊಡ್ತಿದ್ರಂತಲ್ಲ. ಚೆನ್ನಾಗಿ ಇಟ್ಕೊಂಡು ಓಡಿಸ್ತಿದ್ರು."

"ಅದಕ್ಕೇ ಕೊಡ್ಲಿಲ್ಲ."

"ಈಗ ಸಮಾಧಾನ ಆಯ್ತಾ?"

"ಆಗುತ್ತೆ ಅಂದ್ಕೊಂಡಿದ್ದೆ."

ಆ ದಿನದಿಂದ ಮಗಳು ಬಂದರೆ ಅಪ್ಪನ ಪಕ್ಕ ಕೂತು, ಅವನ ಕೈ ಹಿಡಿದುಕೊಂಡಿದ್ದು, ನೀರೂ ಮುಟ್ಟದೆ ಹೊರಟುಬಿಡುತ್ತಿದ್ದಳು. ಟೈಲರಮ್ಮ ಇರು ಎನ್ನಲಿಲ್ಲ.

ಮೇಜರ್ ನಾಲ್ಕು ದಿನ ಊಟಕ್ಕೆ ಬಾಯಿ ಬಿಡಲಿಲ್ಲ. ಅನ್ನದ ತುತ್ತು ತುಟಿಯಿಂದ ಜಾರಿ ಎದೆಯ ಮೇಲೆ ಬೀಳುತ್ತಿತ್ತು. ಅವಳು ಬಲವಂತ ಮಾಡಲಿಲ್ಲ. ಹೊತ್ತು ಹೊತ್ತಿಗೆ ತಟ್ಟೆ ಹಿಡಿದು ಬಂದು, ಎದುರಿಗೆ ಕೂತು ಕಾದಳು. ಐದನೆಯ ದಿನ ಹಸಿವೆ ಗೆದ್ದಿತು. ಅವನು ಬಾಯಿ ತೆರೆದ.

ಆಮೇಲೆ ಆರು ವರ್ಷ ಬದುಕಿದ. ಅವಳ ಆರೈಕೆಯಲ್ಲಿ ಯಾರೂ ಬೆರಳಿಟ್ಟು ತೋರಿಸುವಂಥ ಲೋಪವಿರಲಿಲ್ಲ. ಸಾಯುವ ವರ್ಷ, ವಾರಕ್ಕೊಮ್ಮೆ ಬರುತ್ತಿದ್ದ ನರ್ಸಮ್ಮ ಅವನ ಬೆನ್ನು ನೋಡಿ ಬೆರಗಾದಳು.

"ಇಷ್ಟು ವರ್ಷ ಮಲಗಿದ್ರೂ ಒಂದು ಹುಣ್ಣಿಲ್ಲ ನೋಡಿ. ಇಂಥ ಹೆಂಡತಿ ಸಿಗೋಕೆ ಪುಣ್ಯ ಮಾಡಿರಬೇಕು ಅಜ್ಜ."

ಮೇಜರನ ಕಣ್ಣಿಂದ ನೀರಿಳಿಯಿತು. "ಅಜ್ಜನಿಗೂ ಗೊತ್ತಾಗುತ್ತೆ ಪಾಪ," ಅಂದಳು ನರ್ಸಮ್ಮ. ಟೈಲರಮ್ಮ ಗಲ್ಲ ಒರೆಸುತ್ತಿದ್ದ ಬಟ್ಟೆಯಲ್ಲೇ ಅದನ್ನೂ ಒರೆಸಿ, ಅವನನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿದಳು.